ಗುಡ್ಡೆಯ ಕೊಡಿಯಲ್ಲಿ ಅಂಥದ್ದೇನಿದೆ? ಮಕ್ಕಳ ಪ್ರಶ್ನೆಗೆ ಉತ್ತರ ಬೇಕು

ಸೋಶಿಯಲ್ ಟೀಚರ್, ಪೈವಳಿಕೆ ಕಡೆ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಸೈನ್ಯದಲ್ಲಿ ಇದ್ದು ಬಂದವರು, ಯುದ್ಧದ ವಿಷಯ ಓದಿಕೊಂಡವರು ಇಲ್ಲಿ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ಕಳೆದ ಶನಿವಾರ ಒಂಬತ್ತನೇ ಕ್ಲಾಸಿನ 31 ಮಕ್ಕಳನ್ನು ಪೊಸಡಿಗುಂಪೆ ಗುಡ್ಡೆಗೆ ಕರೆದುಕೊಂಡು ಹೋಗಿದ್ದೆವು. ನೋಡಿದವರಿಗೆ ಗೊತ್ತು, ಮೇಲೆ ಹೋದರೆ ಬರೀ ಪಾದೆ ಮತ್ತು ಹುಲ್ಲು. ಮುಳಿಹುಲ್ಲು ಒಣಗಿ ಮಕ್ಕಳ ಸೊಂಟದವರೆಗೆ ಬಂದಿತ್ತು. ಎಂಟೂವರೆಗೆ ಮಂಜು ಹರಿಯಿತು. ಪಡುವಣಕ್ಕೆ ಕಡಲು ಒಂದು ಗೆರೆಯ ಹಾಗೆ, ಮೂಡಣಕ್ಕೆ ಘಟ್ಟದ ಸಾಲು. ಕೆಳಗೆ ನಮ್ಮ ರಸ್ತೆ.

ಅವಲಕ್ಕಿ ತಿನ್ನುತ್ತಾ ಕೂತಿದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು "ಟೀಚರ್, ಅಲ್ಲಿ ನಮ್ಮ ಬಸ್ಸು!" ಅಂತ ಕೂಗಿದಳು. ಅವಳು ದಿನಾ ಶಾಲೆಗೆ ಬರುವ ಬಸ್ಸು. ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಗೇರುಗುಡ್ಡೆಯ ಹಿಂದೆ ಮರೆಯಾಯಿತು, ಮತ್ತೆ ಬಂತು, ತಿರುವಿನಲ್ಲಿ ನಿಂತಿತು, ಇಬ್ಬರು ಇಳಿದರು. ಎಲ್ಲಾ ಮಕ್ಕಳೂ ಅದನ್ನೇ ನೋಡುತ್ತಾ ಕೂತರು.

ಆಗ ಇನ್ನೊಬ್ಬ ಹುಡುಗ ನನ್ನ ಪಕ್ಕ ಬಂದ. ಜುಲೈ 26ಕ್ಕೆ ಅಸೆಂಬ್ಲಿಯಲ್ಲಿ 1999ರ ಕಾರ್ಗಿಲ್ ಯುದ್ಧದ ಬಗ್ಗೆ ಮಾತಾಡಿದ್ದು ಇವನೇ. ಹೆಸರು, ತಾರೀಕು ಎಲ್ಲಾ ಬಾಯಿಪಾಠ ಇವನಿಗೆ. "ಟೀಚರ್, ತೋಲೋಲಿಂಗ್ ಕೂಡ ಹೀಗೆಯೇ ಇರುವುದಾ?" ಅಂತ ಕೇಳಿದ. ಆ ಯುದ್ಧದಲ್ಲಿ ನಮ್ಮವರು ಹತ್ತಿ ಹಿಡಿದ ಗುಡ್ಡ ಅದು. ಹೀಗೇ, ಇನ್ನೂ ಬೋಳು ಅಂದೆ. "ಹಾಗಾದರೆ ಇಲ್ಲಿ ಏನೂ ಇಲ್ಲವಲ್ಲ ಟೀಚರ್. ನೀರಿಲ್ಲ, ಮನೆಯಿಲ್ಲ, ಒಂದು ಮರವೂ ಇಲ್ಲ. ಇದಕ್ಕೆ ಯಾಕೆ ಅಷ್ಟು ಜನ ಸತ್ತರು?"

ಅವನು ವಾದಕ್ಕೆ ಕೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ದೇಶದ ಗಡಿ, ಒಂದು ಇಂಚೂ ಬಿಡಬಾರದು ಅಂತೆಲ್ಲ ಹೇಳಿದೆ. ಅವನು ತಲೆ ಆಡಿಸಿದ. ಆದರೆ ಅವನಿಗೆ ಉತ್ತರ ಸಿಗಲಿಲ್ಲ, ನನಗೂ ಅಷ್ಟೇ. ಇಳಿಯುವಾಗ ಬೇರೆ ಮಕ್ಕಳೂ ಸೇರಿಕೊಂಡರು. ಸುತ್ತುವರಿದು ಕೂತರೆ ಮೇಲಿದ್ದವರು ಹಸಿವಿನಿಂದಲೇ ಇಳಿದು ಬರುತ್ತಿರಲಿಲ್ಲವಾ? ವಿಮಾನದಿಂದ ಬಾಂಬ್ ಹಾಕಿದರೆ ಆಗುತ್ತಿರಲಿಲ್ಲವಾ? ನಡೆದುಕೊಂಡೇ ಯಾಕೆ ಹೋಗಬೇಕಿತ್ತು?

ಸೋಮವಾರದಿಂದ ಅವರ ಮುಂದೆ ನಿಂತು ಪಾಠ ಮಾಡುವಾಗ ಇದೇ ತಲೆಯಲ್ಲಿ ಸುತ್ತುತ್ತಿದೆ. ಭಾಷಣ ಬೇಡ. ಸರಿಯಾಗಿ ಗೊತ್ತಿರುವವರು ಮಕ್ಕಳಿಗೆ ತಿಳಿಯುವ ಹಾಗೆ ಹೇಳಿಕೊಡಿ.

ಗಾಡಿ ಹವಾಲ್ದಾರ್, ಮುಳ್ಳೇರಿಯ:

ಟೀಚರೇ, ಉತ್ತರ ನಿಮ್ಮ ಕ್ಲಾಸಿನಲ್ಲೇ ಇದೆ. ಬಸ್ಸು ನೋಡಿದ ಆ ಹುಡುಗಿ ಹೇಳಿಬಿಟ್ಟಿದ್ದಾಳೆ.

ನಾನು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವನು. 1999ರಲ್ಲಿ ನನ್ನ ಪೋಸ್ಟಿಂಗ್ ಬೇರೆ ಕಡೆ ಇತ್ತು, ಯುದ್ಧ ನಾನು ಮಾಡಿದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ 2001ರಿಂದ ಎರಡು ಸೀಸನ್ ಶ್ರೀನಗರದಿಂದ ಲೇಹ್‌ಗೆ ಸ್ಟಾಲಿಯನ್ ಗಾಡಿ ಓಡಿಸಿದ್ದೇನೆ. ಆ ಗುಡ್ಡಗಳನ್ನು ಬೇರೆಯವರು ಫೋಟೋದಲ್ಲಿ ನೋಡಿರುತ್ತಾರೆ. ನಾನು ಸ್ಟೀರಿಂಗ್ ಹಿಡಿದುಕೊಂಡು ಕೆಳಗಿನಿಂದ ನೋಡಿದವನು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ರಸ್ತೆ. ಝೋಜಿ ಲಾ ಘಾಟಿ 11,500 ಅಡಿಗಿಂತ ಎತ್ತರ. ನಮ್ಮ ಕಾಲದಲ್ಲಿ ಚಳಿಗಾಲ ಪೂರ್ತಿ ಹಿಮ ಬಿದ್ದು ಮುಚ್ಚಿರುತ್ತಿತ್ತು. ತೆರೆದಿರುವ ಆರು ತಿಂಗಳಲ್ಲಿ ಇಡೀ ವರ್ಷದ ಅಕ್ಕಿ, ಬೇಳೆ, ಸೀಮೆಎಣ್ಣೆ, ಮದ್ದುಗುಂಡು, ಔಷಧಿ ಎಲ್ಲಾ ಲೇಹ್‌ಗೆ ಹೋಗಿ ಮುಟ್ಟಬೇಕಿತ್ತು. ಸಿಯಾಚಿನ್‌ನಲ್ಲಿರುವವರ ಒಲೆ ಉರಿಯುವುದೂ ಅದರಿಂದಲೇ. ಮನಾಲಿಯಿಂದ ಇನ್ನೊಂದು ರಸ್ತೆ ಇದೆ, ಅದೂ ಹಿಮಕ್ಕೆ ಮುಚ್ಚುತ್ತದೆ, ಅದರ ಘಾಟಿಗಳು ಇನ್ನೂ ಎತ್ತರ. ಹಾಗಾಗಿ ಮುಖ್ಯ ರಸ್ತೆ ಇದೇ.

ಝೋಜಿ ಲಾ ಇಳಿದು ಮಟಾಯನ್ ದಾಟಿದರೆ ದ್ರಾಸ್. ಅಲ್ಲಿ ರಸ್ತೆ ಹೊಳೆಯ ಪಕ್ಕದಲ್ಲಿ ಬಯಲಿನಲ್ಲಿ ಹೋಗುತ್ತದೆ. ತಲೆ ಎತ್ತಿದರೆ ತೋಲೋಲಿಂಗ್. ತುದಿ 4,590 ಮೀಟರ್, ರಸ್ತೆಯಿಂದ ಸಾವಿರ ಮೀಟರಿಗಿಂತ ಜಾಸ್ತಿ ಮೇಲೆ. ಅಲ್ಲಿ ಕೂತ ಪಾಕಿಸ್ತಾನದವನ ಬಂದೂಕಿನ ಗುಂಡು ರಸ್ತೆಗೆ ಮುಟ್ಟುವುದು ಮುಖ್ಯ ಅಲ್ಲ. ಅವನ ಕೈಯಲ್ಲಿ ದುರ್ಬೀನು ಇದೆ, ರೇಡಿಯೋ ಇದೆ. ಅವನ ಕಡೆಯ ತೋಪುಗಳು ಗಡಿರೇಖೆಯ ಆಚೆ, ಬೆಟ್ಟದ ಹಿಂದೆ ಇವೆ. ತೋಪಿನವನಿಗೆ ರಸ್ತೆ ಕಾಣುವುದಿಲ್ಲ. ಮೇಲಿನವನಿಗೆ ಕಾಣುತ್ತದೆ. ಒಂದು ಶೆಲ್ ಬೀಳುತ್ತದೆ. ಮೇಲಿನವನು ನೋಡಿ, ಇನ್ನೂರು ಮೀಟರ್ ಆಚೆ, ಐವತ್ತು ಎಡಕ್ಕೆ ಅಂತ ರೇಡಿಯೋದಲ್ಲಿ ಹೇಳುತ್ತಾನೆ. ಎರಡನೆಯದು ಹತ್ತಿರ ಬೀಳುತ್ತದೆ. ಮೂರನೆಯದು ಗಾಡಿಯ ಮೇಲೆ. ಹೀಗೆ ನೋಡಿ ಹೇಳುವವನ ಜಾಗಕ್ಕೆ ಸೈನ್ಯದಲ್ಲಿ ಓಪಿ ಅನ್ನುತ್ತೇವೆ.

ನಿಮ್ಮ ಹುಡುಗಿಗೆ ಬಸ್ಸು ಎಷ್ಟು ಹೊತ್ತು ಕಂಡಿತು ಅಂತ ಕೇಳಿ ನೋಡಿ. ಮೂರು ನಿಮಿಷ? ಐದು ನಿಮಿಷ? ಅವಳ ಕೈಯಲ್ಲಿ ಒಂದು ರೇಡಿಯೋ ಇದ್ದಿದ್ದರೆ ಆ ಬಸ್ಸಿನ ಗತಿ ಏನು? ಗುಡ್ಡೆಯ ಕೊಡಿಯಲ್ಲಿ ಏನೂ ಇಲ್ಲ ಅಂತ ಹುಡುಗ ಹೇಳಿದ್ದು ನಿಜ. ಅಲ್ಲಿಂದ ಏನು ಕಾಣುತ್ತದೆ ಅನ್ನುವುದಕ್ಕೇ ಅಷ್ಟು ಬೆಲೆ.

ನನ್ನ ಸೀನಿಯರ್ ಡ್ರೈವರುಗಳು 1999ರ ಮೇ, ಜೂನ್‌ನಲ್ಲಿ ಆ ದಾರಿಯಲ್ಲಿ ರಾತ್ರಿ ಲೈಟ್ ಹಾಕದೆ ಓಡಿಸಿದವರು. ಮುಂದಿನ ಗಾಡಿಯ ಹಿಂಭಾಗ ನೋಡಿಕೊಂಡು, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಲ್ಲು. ಒಬ್ಬರು ಹೇಳುತ್ತಿದ್ದರು, ಬ್ರೇಕ್ ಲೈಟಿನ ವಯರು ಕೂಡ ಕಿತ್ತು ಹಾಕಿದ್ದೆವು ಅಂತ. ನಾನು ಓಡಿಸುವ ಕಾಲಕ್ಕೆ ಕೆಲವು ಕಡೆ ರಸ್ತೆಯ ಪಕ್ಕ ಎತ್ತರದ ಗೋಡೆ ಕಟ್ಟಿದ್ದರು. ಗುಂಡು ತಡೆಯಲಿಕ್ಕೆ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ, ಆಚೆಯವರ ಕಣ್ಣಿಗೆ ಗಾಡಿ ಕಾಣಬಾರದು ಅಂತ. ಶತ್ರು ನಿಮ್ಮನ್ನು ನೋಡುತ್ತಿದ್ದಾನೆ ಅಂತ ಬೋರ್ಡೇ ಹಾಕಿದ್ದರು. ಆ ಬೋರ್ಡ್ ದಾಟುವಾಗ ಮೊದಲ ಸಲ ನನ್ನ ಕುತ್ತಿಗೆ ತಾನಾಗಿ ಕುಗ್ಗಿತು. ಇವತ್ತಿಗೂ ಅದು ಮೈಗೆ ನೆನಪಿದೆ.

ಇನ್ನು ಹತ್ತುವ ವಿಷಯ. ಒಮ್ಮೆ ಮಾತ್ರ ರೇಷನ್ ಪಾರ್ಟಿಯ ಜೊತೆ ದ್ರಾಸ್ ಕಡೆಯ ಒಂದು ಪೋಸ್ಟಿಗೆ ಹೋಗಿದ್ದೆ. ಜನ ಕಡಿಮೆ ಇದ್ದರು, ನಾನೂ ಬರುತ್ತೇನೆ ಅಂದೆ. ನಾನು ಚಿಕ್ಕಂದಿನಿಂದ ಗುಡ್ಡೆ ಹತ್ತಿದವನು, ಕಂಗು ಹತ್ತಿದವನು, ದಮ್ಮು ಒಳ್ಳೆಯದಿತ್ತು. ಹಾಗೆ ನೇರ ಮೇಲೆ ಕಳಿಸುವುದೂ ಇಲ್ಲ. ಮೊದಲ ಹಂತದಲ್ಲಿ ಆರು ದಿನ, ಆಮೇಲೆ ನಾಲ್ಕು ದಿನ, ಇನ್ನೂ ಮೇಲೆ ಹೋಗುವುದಾದರೆ ಮತ್ತೆ ನಾಲ್ಕು ದಿನ. ಗಾಳಿ ಅಭ್ಯಾಸ ಆಗಬೇಕು. ಆಗದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಗಟ್ಟಿಮುಟ್ಟಾದ ಹುಡುಗ ಒಂದೇ ರಾತ್ರಿಯಲ್ಲಿ ಹೋಗಿಬಿಡಬಹುದು. ಇಷ್ಟೆಲ್ಲ ಆದ ಮೇಲೂ ನನ್ನ ಬೆನ್ನ ಮೇಲೆ 20 ಲೀಟರಿನ ಸೀಮೆಎಣ್ಣೆ ಕ್ಯಾನ್ ಇತ್ತು. ಇಪ್ಪತ್ತು ಹೆಜ್ಜೆ, ನಿಲ್ಲುವುದು. ಮತ್ತೆ ಇಪ್ಪತ್ತು ಹೆಜ್ಜೆ. ಆಮೇಲೆ ಹತ್ತು. ಎದೆಯಲ್ಲಿ ಯಾರೋ ಒನಕೆ ಹಾಕಿ ಕುಟ್ಟಿದ ಹಾಗೆ. ಕ್ಯಾನಿನೊಳಗೆ ಎಣ್ಣೆ ತುಳುಕುವ ಸದ್ದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಕಾಲಿನ ಕೆಳಗೆ ನಮ್ಮ ಮುರಕಲ್ಲಿನ ಹಾಗೆ ಹಿಡಿತ ಇಲ್ಲ. ಎಲ್ಲಾ ಒಡೆದ ಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ.

ಅದು ಹಗಲು. ಯಾರೂ ಗುಂಡು ಹೊಡೆಯುತ್ತಿರಲಿಲ್ಲ. ಮೇಲೆ ಬುಖಾರಿ ಒಲೆ, ಬಿಸಿ ಚಹಾ ಕಾಯುತ್ತಿತ್ತು. 1999ರಲ್ಲಿ ಹತ್ತಿದವರು ರಾತ್ರಿ ಹತ್ತಿದರು. ಬೆನ್ನ ಮೇಲೆ ಗುಂಡು, ಗ್ರೆನೇಡು, ಅದಕ್ಕೋಸ್ಕರ ಊಟ ಕಡಿಮೆ. ಮೇಲಿನವರು ಪಾಗಾರ ಕಟ್ಟಿದ ಹಾಗೆ ಕಲ್ಲಿನ ಮೇಲೆ ಕಲ್ಲಿಟ್ಟು ಸಂಗರ್ ಮಾಡಿಕೊಂಡು ಕೂತಿದ್ದರು. ಅಡಗಲಿಕ್ಕೆ ಒಂದು ಗಿಡವೂ ಇಲ್ಲ. ಚಂದ್ರ ಮೂಡಿದರೆ ಎಲ್ಲಾ ಕಾಣುತ್ತದೆ.

18 ಗ್ರೆನೇಡಿಯರ್ಸ್ ಪಲ್ಟನಿನವರು ಮೇ ಕೊನೆಯ ವಾರದಿಂದ ಮತ್ತೆ ಮತ್ತೆ ಹತ್ತಿದರು. ಮೇ 30ರಂದು ಮೇಜರ್ ರಾಜೇಶ್ ಅಧಿಕಾರಿ ತೀರಿಹೋದರು. ಜೂನ್ ಶುರುವಿನಲ್ಲಿ ಅದೇ ಪಲ್ಟನಿನ ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ತೀರಿಹೋದರು. ಆದರೂ ಗ್ರೆನೇಡಿಯರ್ಸ್ ಬಂಡೆಗಳ ಸಂದಿಯಲ್ಲಿ ಅಂಟಿಕೊಂಡು ಕೂತರು, ಕೆಳಗೆ ಇಳಿಯಲಿಲ್ಲ. ಅವರು ಹಿಡಿದುಕೊಂಡ ಆ ಜಾಗದಿಂದಲೇ ಜೂನ್ 12ರ ರಾತ್ರಿ 2 ರಜಪುತಾನಾ ರೈಫಲ್ಸ್ ಪಲ್ಟನ್ ಮೇಲೆ ಹೋಯಿತು. ಅದಕ್ಕೆ ಮೊದಲು ನೂರಕ್ಕೂ ಜಾಸ್ತಿ ತೋಪುಗಳು ಆ ತುದಿಯ ಮೇಲೆ ಸುರಿದಿದ್ದವು. ಬೋಫೋರ್ಸ್ ತೋಪನ್ನು ಬಂದೂಕಿನ ಹಾಗೆ ನೇರ ಗುರಿಯಿಟ್ಟೂ ಹೊಡೆದರು. ಆದರೆ ನಮ್ಮವರು ಹತ್ತಿರ ಹೋದ ಮೇಲೆ ತೋಪು ನಿಲ್ಲಿಸಲೇಬೇಕು, ಇಲ್ಲದಿದ್ದರೆ ನಮ್ಮವರ ಮೇಲೇ ಬೀಳುತ್ತದೆ. ಆ ಕೊನೆಯ ನೂರು ಮೀಟರ್ ಕಾಲಾಳಿನದ್ದು. ಗ್ರೆನೇಡು, ಬಯೊನೆಟ್, ಕೈ. ಮೇಜರ್ ವಿವೇಕ್ ಗುಪ್ತಾ ಅಲ್ಲೇ ಬಿದ್ದರು. ಜೂನ್ 13ರ ಬೆಳಗ್ಗೆ ತೋಲೋಲಿಂಗ್ ನಮ್ಮ ಕೈಗೆ ಬಂತು. ಯುದ್ಧ ತಿರುಗಿದ್ದು ಅಲ್ಲಿಂದಲೇ. ಅದರ ಆಚೆಯ ಪಾಯಿಂಟ್ 5140 ಅನ್ನುವ ಶಿಖರ ಒಂದೇ ವಾರದಲ್ಲಿ ಸಿಕ್ಕಿತು.

ಅವರು ಹತ್ತಿದ್ದಕ್ಕೆ ನಾನು ಎರಡು ವರ್ಷ ಆದ ಮೇಲೆ ಲೈಟ್ ಹಾಕಿಕೊಂಡು ಆ ರಸ್ತೆಯಲ್ಲಿ ಗಾಡಿ ಓಡಿಸಿದೆ. ದ್ರಾಸ್ ದಾಟುವಾಗ ಪ್ರತಿ ಸಲ ಒಂದು ಹಾರನ್ ಹೊಡೆಯುತ್ತಿದ್ದೆ. ಹಾಗೆ ಮಾಡು ಅಂತ ಯಾರೂ ಹೇಳಿದ್ದಲ್ಲ.

ಮಂಜೇಶ್ವರದ ಓದುಗ:

ಹವಾಲ್ದಾರ್ ಅಣ್ಣ ಬರೆದದ್ದನ್ನು ಎರಡು ಸಲ ಓದಿದೆ. ಉಳಿದ ಎರಡು ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಸುತ್ತುವರಿದು ಕೂತರೆ ಸಾಲದಾ ಅನ್ನುವುದು ತುಂಬಾ ಒಳ್ಳೆಯ ಪ್ರಶ್ನೆ. ಪೊಸಡಿಗುಂಪೆಯನ್ನಾದರೆ ನಾಲ್ಕು ಕಡೆಯಿಂದಲೂ ಸುತ್ತಬಹುದು. ಈ ಶಿಖರಗಳು ಹಾಗಲ್ಲ. ಬೆಟ್ಟದ ಏಣು ಒಂದಕ್ಕೊಂದು ಸೇರಿಕೊಂಡು ಗಡಿರೇಖೆಯವರೆಗೆ ಹೋಗುತ್ತದೆ. ಮೇಲಿದ್ದವರಿಗೆ ಊಟ, ಮದ್ದು ಬರುತ್ತಿದ್ದದ್ದು ಬೆನ್ನ ಹಿಂದಿನ ಆ ಏಣಿನಿಂದ. ಅದನ್ನು ಪೂರ್ತಿ ಕತ್ತರಿಸಬೇಕಾದರೆ ರೇಖೆ ದಾಟಬೇಕು. ದಾಟಬಾರದು ಅಂತ ನಮ್ಮ ಸರ್ಕಾರದ ಅಪ್ಪಣೆ ಇತ್ತು, ಯುದ್ಧ ದೊಡ್ಡದಾಗಬಾರದು ಅಂತ. ಆದರೂ ಸಾಧ್ಯ ಇದ್ದಲ್ಲಿ ಕತ್ತರಿಸಿದರು. ಜುಲೈ 4ರ ಬೆಳಗ್ಗೆ 18 ಗ್ರೆನೇಡಿಯರ್ಸ್ ಟೈಗರ್ ಹಿಲ್ ತುದಿ ಮುಟ್ಟಿತು. ಮರುದಿನ 8 ಸಿಖ್ ಪಲ್ಟನ್ ಪಶ್ಚಿಮದ ಏಣಿನಲ್ಲಿ ಹೆಲ್ಮೆಟ್, ಇಂಡಿಯಾ ಗೇಟ್ ಅಂತ ಹೆಸರಿಟ್ಟಿದ್ದ ಎರಡು ಜಾಗ ಹಿಡಿಯಿತು. ಅದರಿಂದಲೇ ತುದಿ ಕೈಯಲ್ಲಿ ಉಳಿಯಿತು.

ವಿಮಾನ ಬಳಸಿದರು. ಆದರೆ ಮೇ 27ರಂದೇ ಎರಡು ಫೈಟರ್ ಕಳೆದುಕೊಂಡೆವು. ಮರುದಿನ ತೋಲೋಲಿಂಗ್ ಹತ್ತಿರವೇ ಒಂದು ಎಂಐ-17 ಹೆಲಿಕಾಪ್ಟರನ್ನು ಹೊಡೆದು ಬೀಳಿಸಿದರು, ಅದರಲ್ಲಿದ್ದ ನಾಲ್ವರೂ ಹೋದರು. ಮೇಲಿದ್ದವರ ಹೆಗಲಿನಲ್ಲಿ ಕ್ಷಿಪಣಿ ಇತ್ತು. ಆಮೇಲೆ ವಿಮಾನಗಳು ಜಾಸ್ತಿ ಎತ್ತರದಲ್ಲೇ ಹಾರಬೇಕಾಯಿತು. ಅಷ್ಟು ಎತ್ತರದಿಂದ ಒಂದು ಕಲ್ಲಿನ ಗೂಡು ಅಂದರೆ ನಮ್ಮ ಅಂಗಳದಲ್ಲಿ ಬಿದ್ದ ಒಂದು ಅಡಿಕೆ. ಜೂನ್ 24ಕ್ಕೆ ಮಿರಾಜ್ 2000 ಲೇಸರ್ ಬಾಂಬಿನಿಂದ ಟೈಗರ್ ಹಿಲ್ ಮೇಲೆ ಸರಿಯಾಗಿ ಹೊಡೆಯಿತು, ಅದರಿಂದ ತುಂಬಾ ಉಪಯೋಗ ಆಯಿತು. ಆದರೂ ಬಾಂಬು ಗುಡ್ಡೆಯ ಮೇಲೆ ಕೂತು ಕಾವಲು ಕಾಯುವುದಿಲ್ಲ. ಯಾರಾದರೂ ಮನುಷ್ಯ ಹೋಗಿ ನಿಲ್ಲಲೇಬೇಕು.

ಮಕ್ಕಳಿಗೆ ಇದನ್ನೂ ಹೇಳಿ. ಟೈಗರ್ ಹಿಲ್‌ನಲ್ಲಿ ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ 19 ವರ್ಷ. ಮೈತುಂಬಾ ಗುಂಡು ತಗುಲಿಯೂ ಬದುಕಿ ಬಂದು ಪರಮವೀರ ಚಕ್ರ ಪಡೆದವರು. ನಿಮ್ಮ ಕ್ಲಾಸಿನವರಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೇ.

ಸೋಶಿಯಲ್ ಟೀಚರ್, ಪೈವಳಿಕೆ ಕಡೆ:

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಕೊನೆಯ ಪೀರಿಯಡ್‌ನಲ್ಲಿ ಹವಾಲ್ದಾರರ ಉತ್ತರವನ್ನು ಓದಿ ಹೇಳಿದೆ. ಕ್ಯಾನ್ ಹೊತ್ತುಕೊಂಡು ಹತ್ತುವಲ್ಲಿಗೆ ಬಂದಾಗ ಯಾರೂ ಸದ್ದು ಮಾಡಲಿಲ್ಲ. ಬಸ್ಸಿನ ಹುಡುಗಿ ಮಾತ್ರ ಮುಖ ಸಣ್ಣ ಮಾಡಿಕೊಂಡಿದ್ದಳು. ಆ ಬಸ್ಸಿನಲ್ಲಿ ಅವಳ ಅಮ್ಮ ಇದ್ದರಂತೆ.

ಹುಡುಗ ಈಗ ಇನ್ನೊಂದು ಕೇಳುತ್ತಿದ್ದಾನೆ. ಹೀಗೆ ಪ್ರಾಣ ಕೊಟ್ಟು ಹಿಡಿದ ಜಾಗವನ್ನು ಆಮೇಲೆ ಮಾತುಕತೆಯಲ್ಲಿ ವಾಪಸ್ಸು ಕೊಟ್ಟದ್ದು ಇದೆಯಾ? ಕೊಟ್ಟಿದ್ದರೆ ಸತ್ತವರದ್ದು ವ್ಯರ್ಥ ಆಯಿತಲ್ಲವಾ? ನಾನು 1965ರ ಯುದ್ಧದ, ಕಾಶ್ಮೀರದ ಹಾಜಿ ಪೀರ್ ವಿಷಯ ಹೇಳಿದೆ. ಆಗಸ್ಟ್ 28ರಂದು ಮೇಜರ್ ರಂಜಿತ್ ಸಿಂಗ್ ದಯಾಲ್ ಅವರ 1 ಪ್ಯಾರಾ ಪಲ್ಟನಿನವರು ಹಿಡಿದ ಆ ಕಣಿವೆದಾರಿಯನ್ನು ತಾಷ್ಕೆಂಟ್ ಒಪ್ಪಂದದ ಪ್ರಕಾರ ಬಿಟ್ಟುಕೊಟ್ಟೆವು. ಆದರೆ ವ್ಯರ್ಥವಾ ಅನ್ನುವುದಕ್ಕೆ ನನ್ನಲ್ಲಿ ಮಾತಿರಲಿಲ್ಲ.

ಕುಂಬಳೆಯ ತೋಟದಿಂದ:

ಟೀಚರ್, ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಅಪರೂಪ. ಈ ಪ್ರಶ್ನೆಗೆ ಬರೆಯದೆ ಇರಲಿಕ್ಕೆ ಆಗಲಿಲ್ಲ.

ನನ್ನ ದೊಡ್ಡಪ್ಪ ಸಿಗ್ನಲ್ಸ್‌ನಲ್ಲಿ ಇದ್ದರು. 1965ರಲ್ಲಿ ಕಾರ್ಗಿಲ್‌ನಲ್ಲಿ ರೇಡಿಯೋ ಸೆಟ್ಟಿನ ಹತ್ತಿರ ಅವರ ಡ್ಯೂಟಿ. ಕಾರ್ಗಿಲ್ ಅಂದರೆ ಎಲ್ಲರಿಗೂ 1999 ನೆನಪಾಗುತ್ತದೆ. ಆದರೆ ಅದೇ ಶ್ರೀನಗರ ಲೇಹ್ ರಸ್ತೆಯನ್ನು ಮೇಲಿನಿಂದ ನೋಡುವ ಇನ್ನೊಂದು ಗುಡ್ಡದ ಕತೆ ಅದಕ್ಕಿಂತ ಹಳೆಯದು. ಅದರ ಹೆಸರು ಪಾಯಿಂಟ್ 13620. ಕಾರ್ಗಿಲ್ ಪೇಟೆಯ ಮೇಲೇ ಇದೆ.

ಹೆಸರಿನ ಬಗ್ಗೆ ಒಂದು ಮಾತು, ಮಕ್ಕಳಿಗೆ ಲೆಕ್ಕಕ್ಕೆ ಉಪಯೋಗ ಆಗಬಹುದು. ಊರಿನ ಹೆಸರಿಲ್ಲದ ಶಿಖರಕ್ಕೆ ನಕಾಶೆಯಲ್ಲಿರುವ ಎತ್ತರವೇ ಹೆಸರು. 13620 ಅಂದರೆ ಅಡಿ. ಆಗಿನ ನಕಾಶೆ ಅಡಿಯಲ್ಲಿತ್ತು. 1999ರಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಪ್ರಾಣಬಿಟ್ಟ ಪಾಯಿಂಟ್ 4875 ಮೀಟರ್ ಲೆಕ್ಕ. ಯಾವುದು ಎತ್ತರ ಅಂತ ಮಕ್ಕಳು ಲೆಕ್ಕ ಹಾಕಲಿ.

1965ರ ಮೇ 17ರ ಬೆಳಗಿನ ಜಾವ 4 ರಜಪೂತ್ ಪಲ್ಟನ್ ಆ ಗುಡ್ಡವನ್ನು ಹಿಡಿಯಿತು. ಮೇಜರ್ ಬಲ್ಜೀತ್ ಸಿಂಗ್ ರಂಧಾವಾ ಅಲ್ಲಿ ತೀರಿಕೊಂಡರು, ಮಹಾವೀರ ಚಕ್ರ ಬಂತು. ದೊಡ್ಡಪ್ಪ ಕೆಳಗೆ ಸೆಟ್ಟಿನ ಮುಂದೆ ಇದ್ದರು. ಮೇಲಿನಿಂದ ಬಂದ ಸುದ್ದಿಯನ್ನು ಮೆಸೇಜ್ ಪ್ಯಾಡಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದು ಅವರ ಕೆಲಸ. ಗಾಯಗೊಂಡವರು ಇಷ್ಟು, ತೀರಿಕೊಂಡವರು ಇಷ್ಟು. ಹೆಸರು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರಂತೆ, ತಪ್ಪಾಗಬಾರದು ಅಂತ. ಮನೆಗೆ ಹೋಗುವ ತಂತಿ ಅದೇ ಹೆಸರಿಗೆ ಅಲ್ವಾ.

ಆರು ವಾರ ಕಳೆಯಲಿಲ್ಲ. ವಿಶ್ವಸಂಸ್ಥೆ ಮಧ್ಯೆ ಬಂತು. ರಸ್ತೆಗೆ ತೊಂದರೆ ಆಗುವುದಿಲ್ಲ ಅಂತ ಭರವಸೆ ಸಿಕ್ಕಿತು. ಜೂನ್ ಕೊನೆಗೆ ಗುಡ್ಡ ಬಿಟ್ಟು ಇಳಿದು ಬನ್ನಿ ಅಂತ ಆದೇಶ. ಆ ಆದೇಶವನ್ನು ಮೇಲಕ್ಕೆ ಕಳಿಸಿದ್ದೂ ನಾನೇ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಅದೇ ಸೆಟ್ಟು, ಅದೇ ಪೆನ್ಸಿಲು.

ಆಗಸ್ಟಿನಲ್ಲಿ ನುಸುಳುಕೋರರು ಬಂದರು, ರಸ್ತೆಗೆ ಮತ್ತೆ ಅಪಾಯ. ನಮ್ಮವರು ಮತ್ತೆ ಹತ್ತಿ ಹಿಡಿದರು. 1966ರ ಜನವರಿ 10ಕ್ಕೆ ತಾಷ್ಕೆಂಟ್. ಮತ್ತೆ ಬಿಟ್ಟರು. 1971ರ ಡಿಸೆಂಬರಿನ ಆ ಕೊರೆಯುವ ಚಳಿಯಲ್ಲಿ ಮೂರನೇ ಸಲ ಹತ್ತಿದರು. ಹಿಮಕ್ಕೆ ಕೈಕಾಲಿನ ಬೆರಳು ಕಳೆದುಕೊಂಡವರು ಆಗ ಬಹಳ ಜನ. ಆ ಸಲ ಸಿಮ್ಲಾ ಒಪ್ಪಂದ ಆಯಿತು, 13620 ನಮ್ಮಲ್ಲೇ ಉಳಿಯಿತು. ಇವತ್ತಿಗೂ ಇದೆ.

ಒಂದೇ ಗುಡ್ಡ, ಆರೂವರೆ ವರ್ಷದಲ್ಲಿ ಮೂರು ಸಲ. ಹುಡುಗ ಕೇಳಿದ ಪ್ರಶ್ನೆಯನ್ನು ನಾನೂ ಅವನ ವಯಸ್ಸಿನಲ್ಲಿ ದೊಡ್ಡಪ್ಪನ ಹತ್ತಿರ ಕೇಳಿದ್ದೆ. ಅಡಿಕೆ ಸುಲಿಯುತ್ತಾ ಕೂತಿದ್ದರು. ಮೆಟ್ಟುಕತ್ತಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: "ಮೇ ತಿಂಗಳಿಂದ ಜೂನ್‌ವರೆಗೆ ಗಾಡಿಗಳು ಹೋದವು ಮಗಾ. ಆ ಗಾಡಿಗಳಲ್ಲಿ ಹೋದ ಅಕ್ಕಿಯನ್ನು ಯಾರೂ ವಾಪಸ್ಸು ತರಲಿಲ್ಲ."

ಬಿಟ್ಟು ಬಂದದ್ದಕ್ಕೆ ಅವರಿಗೆ ಸಿಟ್ಟು ಇತ್ತು, ಸಾಯುವವರೆಗೂ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ವ್ಯರ್ಥ ಅನ್ನುವ ಮಾತನ್ನು ಮನೆಯಲ್ಲಿ ಯಾರಿಗೂ ಆಡಲಿಕ್ಕೆ ಬಿಡುತ್ತಿರಲಿಲ್ಲ. ನನಗೂ ಹಾಗೆಯೇ ಅನಿಸುತ್ತದೆ ಟೀಚರ್. ಕೊಡುವುದು ಬಿಡುವುದು ಮೇಜಿನ ಮುಂದೆ ಕೂತವರ ಲೆಕ್ಕ, ಆ ಲೆಕ್ಕವನ್ನು ನಾವು ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಹತ್ತಿದವರನ್ನು ಆ ತಕ್ಕಡಿಯಲ್ಲಿ ಇಡಬಾರದು.

ಗಾಡಿ ಹವಾಲ್ದಾರ್, ಮುಳ್ಳೇರಿಯ:

ತೋಟದವರೇ, ನಿಮ್ಮ ದೊಡ್ಡಪ್ಪನಿಗೆ ನನ್ನದೊಂದು ಸೆಲ್ಯೂಟ್. ಅಕ್ಕಿಯ ಮಾತು ಹೇಳಿದರಲ್ಲ, ಅದು ಗಾಡಿ ಓಡಿಸಿದವನಿಗೆ ಎದೆಗೆ ತಾಗುವ ಮಾತು.

ಟೀಚರೇ, ಹತ್ತಿದವರ ಕತೆ ಆಯಿತು. ಹತ್ತಿ ಬಂದವರನ್ನು ತಡೆದು ನಿಂತವರದ್ದೂ ಒಂದು ಹೇಳಬೇಕು, ಇಲ್ಲದಿದ್ದರೆ ಮಕ್ಕಳಿಗೆ ಅರ್ಧವೇ ಗೊತ್ತಾಗುತ್ತದೆ. ಚೀನಾದ ಜೊತೆಗಿನ ಯುದ್ಧ, 1962ರ ನವೆಂಬರ್ 18, ಲಡಾಖ್‌ನ ರೆಜಾಂಗ್ ಲಾ. ಚುಶೂಲ್ ವಿಮಾನಪಟ್ಟಿಯನ್ನು ಕಾಯುವ ಗುಡ್ಡದ ಸಾಲು, 16,000 ಅಡಿಗಿಂತ ಎತ್ತರ. 13 ಕುಮಾವ್ ಪಲ್ಟನಿನ ಚಾರ್ಲಿ ಕಂಪನಿ, ಸುಮಾರು 120 ಜನ, ಮೇಜರ್ ಶೈತಾನ್ ಸಿಂಗ್. ಹಿಂದೆ ನಮ್ಮ ತೋಪು ಇತ್ತು. ಆದರೆ ನಡುವೆ ಇನ್ನೊಂದು ಬೆಟ್ಟ ಅಡ್ಡ ಇದ್ದದ್ದರಿಂದ ಅದರ ಶೆಲ್ ಇವರ ಮುಂದೆ ಬೀಳುವ ಹಾಗಿರಲಿಲ್ಲ. ನೋಡಿ, ಗುಡ್ಡೆ ಕಾಯುತ್ತದೆ, ಗುಡ್ಡೆಯೇ ಅಡ್ಡವೂ ಬರುತ್ತದೆ. ಅವರಲ್ಲಿ 114 ಜನ ಅಲ್ಲೇ ಉಳಿದರು. ಮುಂದಿನ ಫೆಬ್ರವರಿಯಲ್ಲಿ ಜನ ಅಲ್ಲಿಗೆ ಹೋದಾಗ ಅವರು ಮೋರ್ಚಾದಲ್ಲೇ ಇದ್ದರು, ಹಿಮ ಗಟ್ಟಿಯಾಗಿ ಹಿಡಿದಿತ್ತು, ಕೈಯಲ್ಲಿ ಬಂದೂಕು ಹಾಗೇ ಇತ್ತು.

ಇದನ್ನು ಹೇಗೆ ಹೇಳಬೇಕು ಅಂತ ನಿಮಗೆ ಗೊತ್ತಿರುತ್ತದೆ. ಚಿಕ್ಕ ಮಕ್ಕಳು. ಆದರೆ ಕೇಳಿದ್ದು ಅವರೇ ಅಲ್ವಾ.

ಬೇಕಲಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಕೋಟೆಯ ನಡುವಿನ ಆ ವೀಕ್ಷಣಾ ಗೋಪುರ ಹತ್ತಿಸಿ. ಯಾಕೆ ಅದನ್ನು ಕಟ್ಟಿದರು ಅಂತ ಕೇಳಿ. ಈಗ ಎಲ್ಲರೂ ಹೇಳುತ್ತಾರೆ ನೋಡಿ.

ಸೋಶಿಯಲ್ ಟೀಚರ್, ಪೈವಳಿಕೆ ಕಡೆ:

ಓದಿದೆ. ಎಲ್ಲವನ್ನೂ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ರೆಜಾಂಗ್ ಲಾ ವಿಷಯ ನಾಳೆ ಹೇಳುತ್ತೇನೆ, ಕಡಿಮೆ ಮಾತಿನಲ್ಲಿ.

ಇವತ್ತು ಮಧ್ಯಾಹ್ನ ಸ್ಟಾಫ್ ರೂಮಿಗೆ ಆ ಹುಡುಗ ಒಂದು ಹಾಳೆ ತಂದು ಕೊಟ್ಟ. ಪೊಸಡಿಗುಂಪೆಯ ಚಿತ್ರ. ತುದಿಯಿಂದ ರಸ್ತೆಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾನೆ. ಎಲ್ಲಿ ಬಸ್ಸು ಕಾಣುತ್ತದೆ, ಎಲ್ಲಿ ಗೇರುಗುಡ್ಡೆಯ ಮರೆಯಾಗುತ್ತದೆ ಅಂತ ಬೇರೆ ಬೇರೆ ಬಣ್ಣ. ಗೇರುಗುಡ್ಡೆಯ ಹತ್ತಿರ ಕಪ್ಪು ಪೆನ್ನಿನಲ್ಲಿ ಒಂದು ಗೋಡೆ ಬರೆದಿದ್ದಾನೆ. ಇದೇನು ಅಂತ ಕೇಳಿದೆ. "ಅವಳ ಬಸ್ಸಿಗೆ ಟೀಚರ್" ಅಂದ.

ಪಾಯಿಂಟ್ 4875ರ ಲೆಕ್ಕವೂ ಆಯಿತು. ಹತ್ತಿರ ಹತ್ತಿರ 16,000 ಅಡಿ. ಬೋರ್ಡಿನ ಮೇಲೆ ಬರೆದ ಮೇಲೆ ಹಿಂದಿನ ಬೆಂಚಿನ ಒಬ್ಬ, "ಹವಾಲ್ದಾರ್ ಮಾವನ ಕ್ಯಾನ್ ಎಷ್ಟು ಕೆಜಿ ಇರುತ್ತದೆ ಟೀಚರ್?" ಅಂತ ಕೇಳಿದ. ಹವಾಲ್ದಾರರೇ, ಅದಕ್ಕೆ ನೀವೇ ಬಂದು ಉತ್ತರ ಹೇಳಬೇಕು. ಮುಳ್ಳೇರಿಯದಿಂದ ನಮ್ಮ ಶಾಲೆಗೆ ಬರಲಿಕ್ಕೆ ಬದಿಯಡ್ಕದಲ್ಲಿ ಬಸ್ಸು ಬದಲಿಸಿದರೆ ಆಯಿತು. ಶುಕ್ರವಾರ ಬಿಟ್ಟು ಯಾವ ದಿನವಾದರೂ ಆಗಬಹುದು. ಮಕ್ಕಳು ಕಾಯುತ್ತಿದ್ದಾರೆ.